ಎದೆ ಡವಗುಟ್ಟಿದಾಗ

ಕುಂದಾಣದಲ್ಲಿ ನಡೆಯುವ ಹೋಬಳಿ ಮಟ್ಟದ ಕ್ರೀಡಾಕೂಟದಲ್ಲಿ ನೂರು ಮೀಟರ್ ಓಟದ ಗೆರೆಯ ಮೇಲೆ ನಿಂತ ಹುಡುಗಿಗೂ, ಎಸ್‌ಎಸ್‌ಎಲ್‌ಸಿ ಪ್ರಶ್ನೆಪತ್ರಿಕೆಗಾಗಿ ಕೈಚಾಚಿದ ಹುಡುಗನಿಗೂ ಆಗುವುದು ಒಂದೇ. ಬಾಯಿ ಒಣಗುತ್ತದೆ, ಅಂಗೈ ಬೆವರುತ್ತದೆ, ಎದೆ ಡವಗುಟ್ಟುತ್ತದೆ. ಮೂತ್ರಪಿಂಡಗಳ ಮೇಲಿರುವ ಗ್ರಂಥಿಗಳು ಅಡ್ರಿನಲಿನ್ ಸ್ರವಿಸುವುದೇ ಇದಕ್ಕೆ ಮುಖ್ಯ ಕಾರಣ. ಇದು ಹೇಡಿತನವಲ್ಲ, ದೇಹ ಕೆಲಸಕ್ಕೆ ಸಜ್ಜಾಗುವ ಬಗೆ.

ಹಾಗಾದರೆ ಈ ಉದ್ವೇಗ ಒಳ್ಳೆಯದೋ ಕೆಟ್ಟದ್ದೋ? 1908ರಲ್ಲಿ ಅಮೆರಿಕದ ಯರ್ಕ್ಸ್ ಮತ್ತು ಡಾಡ್ಸನ್ ಇಲಿಗಳ ಮೇಲೆ ಪ್ರಯೋಗ ನಡೆಸಿದರು. ಕಷ್ಟದ ಪಾಠ ಕಲಿಯುವಾಗ ಪ್ರಚೋದನೆ ತೀರಾ ಕಡಿಮೆಯಾದರೂ ಕಲಿಕೆ ನಿಧಾನವಾಯಿತು, ಅತಿಯಾದರೂ ನಿಧಾನವಾಯಿತು. ವೀಣೆಯ ತಂತಿ ಸಡಿಲವಾದರೆ ನಾದವಿಲ್ಲ, ಬಿಗಿ ಮಿತಿಮೀರಿದರೆ ಹರಿದುಹೋಗುತ್ತದೆ. ಭಯವನ್ನು ಅಳಿಸಬೇಕಿಲ್ಲ, ಹದಕ್ಕೆ ತಂದರೆ ಸಾಕು.

ಇಂದು ದೊಡ್ಡ ತಂಡಗಳು ಈ ಹದಕ್ಕಾಗಿಯೇ ಪ್ರತ್ಯೇಕ ತರಬೇತುದಾರರನ್ನು ಇಟ್ಟುಕೊಳ್ಳುತ್ತವೆ. 2011ರಲ್ಲಿ ಭಾರತ ಕ್ರಿಕೆಟ್ ವಿಶ್ವಕಪ್ ಗೆದ್ದಾಗ ದಕ್ಷಿಣ ಆಫ್ರಿಕಾದ ಪ್ಯಾಡಿ ಅಪ್ಟನ್ ಆಟಗಾರರ ಮನೋಬಲದ ಹೊಣೆ ಹೊತ್ತಿದ್ದರು. ನಮ್ಮ ರಾಹುಲ್ ದ್ರಾವಿಡ್ ಭಾರತ ತಂಡದ ಮುಖ್ಯ ತರಬೇತುದಾರರಾಗಿದ್ದಾಗ, 2022ರಲ್ಲಿ, ಅಪ್ಟನ್ ಮತ್ತೆ ತಂಡಕ್ಕೆ ಬಂದರು. 2024ರ ವಿಶ್ವ ಚೆಸ್ ಪಂದ್ಯಕ್ಕೆ ಮುನ್ನ ಡಿ. ಗುಕೇಶ್ ಕೂಡ ಅವರ ನೆರವು ಪಡೆದಿದ್ದರು. ಮೊದಲ ಆಟವನ್ನೇ ಸೋತ ಆ ಹದಿನೆಂಟರ ಹುಡುಗ ಎದೆಗುಂದದೆ ಆಡಿ, ಹದಿನಾಲ್ಕನೆಯ ಆಟದಲ್ಲಿ ವಿಶ್ವ ಚಾಂಪಿಯನ್ ಆದ.

ಹಳ್ಳಿಯ ಶಾಲೆಗೆ ಅಂಥ ತಜ್ಞರು ಬರಲಾರರು, ನಿಜ. ಆದರೆ ಮೂರು ಅಭ್ಯಾಸಗಳಿಗೆ ಖರ್ಚಿಲ್ಲ. ಒಂದು, ಉಸಿರನ್ನು ಎಳೆದುಕೊಂಡದ್ದಕ್ಕಿಂತ ನಿಧಾನವಾಗಿ ಬಿಡುವುದು. ಆಗ ಹೃದಯದ ಬಡಿತ ಇಳಿಯುತ್ತದೆ. ಎರಡು, ಫಲಿತಾಂಶವನ್ನು ಬಿಟ್ಟು ಮುಂದಿನ ಒಂದು ಹೆಜ್ಜೆಯ ಮೇಲೆ, ಮುಂದಿನ ಒಂದು ಪ್ರಶ್ನೆಯ ಮೇಲೆ ಗಮನವಿಡುವುದು. ಮೂರು, ಹಳೆಯ ಪ್ರಶ್ನೆಪತ್ರಿಕೆಗಳನ್ನು ಗಡಿಯಾರ ಇಟ್ಟುಕೊಂಡು ಬಿಡಿಸುವುದು. ಆಗ ಪರೀಕ್ಷೆಯ ದಿನ ಹೊಸತೆನಿಸುವುದಿಲ್ಲ.

ತಂದೆತಾಯಿಯರ ಮಾತೂ ತರಬೇತಿಯ ಒಂದು ಭಾಗವೇ. ‘ಪಕ್ಕದ ಮನೆಯವನನ್ನು ನೋಡು’ ಎಂಬ ಮಾತು ತಂತಿಯನ್ನು ಇನ್ನಷ್ಟು ಬಿಗಿಯುತ್ತದೆ. ‘ಯಾವುದು ಕಷ್ಟವಾಯಿತು, ಮುಂದಿನ ಸಲಕ್ಕೆ ಏನು ಮಾಡೋಣ?’ ಎಂದು ಕೇಳಿದರೆ ಮಗು ಬಾಯಿ ಬಿಡುತ್ತದೆ. ನಿದ್ದೆ, ಊಟ ಬಿಟ್ಟು ಮಂಕಾಗಿರುವ ಮಗುವನ್ನು ಮಾತ್ರ ಗದರದೆ ವೈದ್ಯರಿಗೆ ತೋರಿಸಬೇಕು. ಸರ್ಕಾರದ ಉಚಿತ ದೂರವಾಣಿ ಸೇವೆ ಟೆಲಿ ಮಾನಸ್ 14416ರಲ್ಲಿ ಕನ್ನಡದಲ್ಲೇ ಸಲಹೆ ಕೇಳಬಹುದು.

ಸೋತರೂ ಮನೆಯ ಬಾಗಿಲು ತೆರೆದಿರುತ್ತದೆ ಎಂಬ ಧೈರ್ಯವುಳ್ಳ ಮಗು, ಗೆರೆಯ ಮೇಲೆ ಗಟ್ಟಿಯಾಗಿ ನಿಲ್ಲುತ್ತದೆ.