ಯಜಮಾನನು ಊರಿಗೆ ಹೋದಾಗ ಕುದುರೆಯ ಆರೈಕೆ

ಊರಿಗೆ ಹೋಗಿ ಬರುವುದೆಂದರೆ ಪರಸ್ಥಳದಲ್ಲಿ ದುಡಿಯುವ ನಮ್ಮವರಿಗೆ ವರ್ಷಕ್ಕೊಮ್ಮೆ ಒದಗುವ ಭಾಗ್ಯ. ಹೊರಡುವಾಗ ಗಲ್ಲೆಯ ಬೀಗದ ಕೈಯನ್ನು ಒಬ್ಬನಿಗೆ, ಕೋಣೆಯ ಬೀಗದ ಕೈಯನ್ನು ಇನ್ನೊಬ್ಬನಿಗೆ ಒಪ್ಪಿಸಿ ನಿಶ್ಚಿಂತರಾಗಿ ರೈಲು ಹತ್ತುತ್ತೇವೆ. ಹಿಂದಿರುಗಿದಾಗ ಕೋಣೆಯೂ ಪೆಟ್ಟಿಗೆಯೂ ಇಟ್ಟಂತೆಯೇ ಇರುತ್ತವೆ. ಪ್ರಾಣಿಯೊಂದನ್ನು ಪರರ ವಶಕ್ಕೆ ಬಿಟ್ಟು ಹೋದವನಿಗೆ ಆ ನಿಶ್ಚಿಂತೆಯಿಲ್ಲ. ಅದರಲ್ಲಿಯೂ ಕುದುರೆಯು ದಿನದಿನದ ದುಡಿಮೆಗೂ ದಿನದಿನದ ಮೇವಿಗೂ ತೂಕವಿಟ್ಟು ಬದುಕುವ ಜೀವ. ತಕ್ಕಡಿಯ ಒಂದು ತಟ್ಟೆಯನ್ನು ಮುಟ್ಟಿದರೆ ಇನ್ನೊಂದನ್ನೂ ಮುಟ್ಟಲೇಬೇಕಾಗುತ್ತದೆ. ಇದನ್ನರಿಯದೆ, ಕೇವಲ ಪ್ರೀತಿಯಿಂದಲೇ ಒಂದು ಕುದುರೆಯನ್ನು ಸಾವಿನ ಬಾಗಿಲಿಗೆ ನೂಕಿದ ಸಂಗತಿಯನ್ನು ನಮ್ಮ ತಂದೆಯವರು ಆಗಾಗ ಹೇಳುತ್ತಿದ್ದರು.

ಪಾನಗಲ್ ಪಾರ್ಕಿನ ಬಳಿ ನಡೆದುದು

ಸರ್ ಪಿಟ್ಟಿ ತ್ಯಾಗರಾಯ ಚೆಟ್ಟಿಯವರ ಹೆಸರನ್ನು ಹೊತ್ತು 1920ರ ದಶಕದಲ್ಲಿ ಮೈದಳೆದ ಬಡಾವಣೆ ನಮ್ಮ ಟಿ. ನಗರ. ಇಂದು ಉಸ್ಮಾನ್ ರಸ್ತೆಯಲ್ಲಿ ಕಾಲಿಡಲು ಸ್ಥಳವಿಲ್ಲ. ಜಟಕಾ ಬಂಡಿಗಳು ಓಡಾಡುತ್ತಿದ್ದ ಕಾಲದಲ್ಲಿ ಮಾಂಬಲಂ ರೈಲು ನಿಲ್ದಾಣದ ಹೊರಗೆ ಅವು ಸಾಲಾಗಿ ನಿಲ್ಲುತ್ತಿದ್ದುವು. ಕಮಾನಿನ ಮಾಡು, ಕೂರಲು ಹುಲ್ಲು ಹಾಸಿದ ನೆಲ, ಬಂಡಿಯ ಕೆಳಗೆ ಜೋಲಿಯಲ್ಲಿ ಕುದುರೆಯ ಮಧ್ಯಾಹ್ನದ ಮೇವು. ನಮ್ಮ ತಂದೆಯವರು ಆಗ ಒಂದು ಉಡುಪಿ ಹೋಟೆಲಿನ ಗಲ್ಲೆಯಲ್ಲಿ ಕೂರುತ್ತಿದ್ದರು. ಹೋಟೆಲಿಗೆ ಕೊತ್ತವಾಲ್ ಚಾವಡಿಯ ಪೇಟೆಯಿಂದ ತರಕಾರಿ ತರುತ್ತಿದ್ದವನು ಒಬ್ಬ ತಮಿಳು ಜಟಕಾದವನು. ಅವನ ಕುದುರೆಗೂ, ಹೋಟೆಲಿನಲ್ಲಿ ಲೋಟ ತೊಳೆಯುತ್ತಿದ್ದ ಕುಂದಾಪುರದ ಕಡೆಯ ಹುಡುಗನಿಗೂ ಬಲು ಸ್ನೇಹ. ಹುಡುಗನು ದಿನವೂ ಕ್ಯಾರೆಟ್ಟಿನ ತುದಿಗಳನ್ನು ಕೂಡಿಟ್ಟು ತಿನ್ನಿಸುತ್ತಿದ್ದನು.

ಒಮ್ಮೆ ಜಟಕಾದವನು ಮಗಳ ಮದುವೆಗಾಗಿ ಹತ್ತು ದಿನ ಕಂಚಿಯ ಕಡೆಯ ತನ್ನ ಹಳ್ಳಿಗೆ ಹೋಗಬೇಕಾಯಿತು. ಕುದುರೆಯನ್ನು ಹುಡುಗನಿಗೆ ಒಪ್ಪಿಸಿ, ಹುರುಳಿಯ ಚೀಲವನ್ನು ತೋರಿಸಿ ಹೊರಟುಹೋದನು. ಹುಡುಗನು ತನ್ನ ಕೆಲಸದಲ್ಲಿ ಎಳ್ಳಷ್ಟೂ ಲೋಪ ಮಾಡಲಿಲ್ಲ. ಹೊತ್ತು ಹೊತ್ತಿಗೆ ಹುರುಳಿ ಬೇಯಿಸಿ ಹಾಕಿದನು. ಯಜಮಾನನಿಲ್ಲವೆಂದು ಕುದುರೆ ಕೊರಗೀತೆಂಬ ಮರುಕದಿಂದ ಒಂದು ಹಿಡಿ ಹೆಚ್ಚಾಗಿಯೇ ಹಾಕಿದನು. ತಪ್ಪಿಸಿಕೊಂಡು ಹೋದೀತೆಂಬ ಭಯದಿಂದ ಹತ್ತು ದಿನವೂ ಅದನ್ನು ಕೊಟ್ಟಿಗೆಯಿಂದ ಹೊರಗೆ ಬಿಡಲಿಲ್ಲ. ಕುದುರೆ ಮೈತುಂಬಿಕೊಂಡು ಮಿರಮಿರನೆ ಮಿಂಚತೊಡಗಿತು. ನೋಡಿದವರೆಲ್ಲ ಹುಡುಗನನ್ನು ಹೊಗಳಿದರು.

ಹನ್ನೊಂದನೆಯ ದಿನ ಜಟಕಾದವನು ಬಂದು, ಬೆಳಗಿನ ಜಾವದಲ್ಲಿ ಬಂಡಿ ಕಟ್ಟಿ ಪೇಟೆಗೆ ಹೊರಟನು. ಕುದುರೆ ಎಂದಿಲ್ಲದ ಹುರುಪಿನಿಂದ ಓಡಿತು. ಪಾನಗಲ್ ಪಾರ್ಕು ಸಮೀಪಿಸುವಷ್ಟರಲ್ಲಿ ಹೆಜ್ಜೆ ತಡವರಿಸಿತು, ಮೈಯೆಲ್ಲ ಬೆವರಿತು, ಹಿಂಗಾಲುಗಳು ಮರಗಟ್ಟಿ ಒಂದಂಗುಲವೂ ಮುಂದೆ ಸಾಗದೆ ನಡುಬೀದಿಯಲ್ಲಿ ನಿಂತುಬಿಟ್ಟಿತು. ತೊಡೆಯ ಸ್ನಾಯುಗಳು ಕಲ್ಲಿನಂತೆ ಗಟ್ಟಿಯಾಗಿದ್ದುವು. ಸ್ವಲ್ಪ ಹೊತ್ತಿನ ಮೇಲೆ ಅದು ಹೊಯ್ದ ಉಚ್ಚೆ ನಮ್ಮ ಕಾಫಿಯ ಡಿಕಾಕ್ಷನ್ನಿನ ಬಣ್ಣದ್ದಾಗಿತ್ತು. ಪುಣ್ಯಕ್ಕೆ ಜಟಕಾದವನು ಚಾವಟಿಯನ್ನು ಎತ್ತಲಿಲ್ಲ. ಹಿಂದೆ ಬರುತ್ತಿದ್ದ ಮುದುಕ ಬಂಡಿಕಾರನೊಬ್ಬನು, “ನಡೆಸಬೇಡ, ಇಲ್ಲಿಯೇ ಬಂಡಿ ಬಿಚ್ಚು” ಎಂದು ಕೂಗಿದನು. ಪಶುವೈದ್ಯರನ್ನು ಕರೆತಂದರು. ಕುದುರೆ ಉಳಿಯಿತು, ಆದರೆ ಮೂರು ವಾರ ದುಡಿಯಲಾರದೆ ಹೋಯಿತು. ಮದುವೆಯ ಸಾಲ ಹೊತ್ತು ಬಂದಿದ್ದ ಆ ಮನುಷ್ಯನಿಗೆ ಮೂರು ವಾರದ ಸಂಪಾದನೆಯೂ ಇಲ್ಲದಂತಾಯಿತು.

“ನಾನು ಒಂದು ದಿನವೂ ಕಮ್ಮಿ ಹಾಕಲಿಲ್ಲ ಅಣ್ಣಾ” ಎಂದು ಹುಡುಗನು ಬಿಕ್ಕಿ ಬಿಕ್ಕಿ ಅತ್ತನಂತೆ. ಅದಕ್ಕೆ ಜಟಕಾದವನು, “ಅಳಬೇಡ ತಂಬಿ, ತಪ್ಪು ನನ್ನದು. ಹುರುಳಿ ಎಲ್ಲಿದೆಯೆಂದು ತೋರಿಸಿದೆ, ಎಷ್ಟು ಹಾಕಬೇಕೆಂದು ಹೇಳಲಿಲ್ಲ” ಎಂದನಂತೆ.

ಸೋಮವಾರದ ಬೇನೆ

ಆ ಕುದುರೆಗೆ ಬಂದುದು ಹೊಸ ರೋಗವೇನೂ ಅಲ್ಲ. ಯೂರೋಪಿನಲ್ಲಿ ಬಂಡಿ ಎಳೆಯುತ್ತಿದ್ದ ಕುದುರೆಗಳು ವಾರದ ಆರು ದಿನ ದುಡಿದು, ಭಾನುವಾರ ಪೂರ್ಣ ಪ್ರಮಾಣದ ಕಾಳು ತಿಂದು ಲಾಯದಲ್ಲಿ ನಿಂತು, ಸೋಮವಾರ ಬೆಳಗ್ಗೆ ಕೆಲಸಕ್ಕೆ ಹೂಡಿದೊಡನೆ ಹೀಗೆಯೇ ಮರಗಟ್ಟಿ ನಿಲ್ಲುತ್ತಿದ್ದುವು. ಆದುದರಿಂದ ಅಲ್ಲಿಯವರು ಅದನ್ನು ಸೋಮವಾರದ ಬೇನೆಯೆಂದೇ ಕರೆದರು. ದುಡಿಮೆಯಲ್ಲಿ ವ್ಯಯವಾಗಬೇಕಾದ ಪಿಷ್ಟವು ಸ್ನಾಯುಗಳಲ್ಲಿ ಸಂಗ್ರಹವಾಗಿ, ಒಮ್ಮೆಲೇ ದುಡಿದಾಗ ಆಮ್ಲವಾಗಿ ಸ್ನಾಯುವನ್ನು ಕೆಡಿಸುತ್ತದೆ ಎಂದು ಹಿಂದಿನ ವೈದ್ಯರು ವಿವರಿಸುತ್ತಿದ್ದರು. ಈ ಬೇನೆಗೆ ಕಾರಣಗಳು ಹಲವೆಂದೂ, ಕೆಲವು ಕುದುರೆಗಳಿಗೆ ಇದು ಹುಟ್ಟಿನಿಂದಲೇ ಬಂದ ದೋಷವೆಂದೂ ಇಂದು ತಿಳಿದುಬಂದಿದೆ. ವಿವರಣೆ ಬದಲಾದರೂ ಎಚ್ಚರಿಕೆ ಬದಲಾಗಿಲ್ಲ. ಒಡೆದ ಸ್ನಾಯುವಿನ ಬಣ್ಣವೇ ಉಚ್ಚೆಯಲ್ಲಿ ಇಳಿದು ಅದು ಕಪ್ಪಾಗುತ್ತದೆ; ಅದೇ ವಸ್ತುವು ಮೂತ್ರಪಿಂಡವನ್ನೂ ಕೆಡಿಸಬಲ್ಲದು.

ಹೋಟೆಲಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಒಲೆಗೆ ಸೌದೆ ತುಂಬುವ ಅಡುಗೆಯವನುಂಟೆ? ಮರುದಿನ ಅಂಗಡಿಗೆ ರಜೆಯಿದ್ದರೆ ಹಿಂದಿನ ರಾತ್ರಿ ಅಕ್ಕಿ ಉದ್ದು ನೆನೆಹಾಕುವವರುಂಟೆ? ಕುದುರೆಯ ಹೊಟ್ಟೆಯ ಲೆಕ್ಕವೂ ಅದೇ.

ನಮ್ಮ ಹಿರಿಯರಿಗೂ ಈ ಲೆಕ್ಕ ತಿಳಿದಿತ್ತು. ಮೈಸೂರಿನ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ತಾಳೆಗರಿಗಳಲ್ಲಿ ಕಂಡು, 1909ರಲ್ಲಿ ಮುದ್ರಣಕ್ಕೆ ತಂದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಅಶ್ವಾಧ್ಯಕ್ಷನಿಗೆಂದೇ ಒಂದು ಅಧ್ಯಾಯವಿದೆ. ಎಲ್ಲ ಕುದುರೆಗಳಿಗೂ ಒಂದೇ ಅಳತೆಯನ್ನು ಅದು ವಿಧಿಸಿಲ್ಲ. ಯುದ್ಧದಿಂದಲೋ ರೋಗದಿಂದಲೋ ಮುಪ್ಪಿನಿಂದಲೋ ಕೆಲಸಕ್ಕೆ ಬಾರದಾದ ಕುದುರೆಗಳಿಗೆ ಜೀವಧಾರಣೆಗೆ ಸಾಲುವಷ್ಟು ಆಹಾರವನ್ನು ಮಾತ್ರ ಅಲ್ಲಿ ಹೇಳಿದೆ.

ಏನನ್ನು ಕಡಿಮೆ ಮಾಡಬೇಕು

ಕಡಿಮೆ ಮಾಡತಕ್ಕದ್ದು ಕಾಳನ್ನು, ಹುಲ್ಲನ್ನಲ್ಲ. ಕುದುರೆಯ ಜಠರವು ಅದರ ಗಾತ್ರಕ್ಕೆ ಬಹಳ ಚಿಕ್ಕದು. ದಿನವಿಡೀ ಸ್ವಲ್ಪ ಸ್ವಲ್ಪವಾಗಿ ಮೇಯುವುದಕ್ಕಾಗಿಯೇ ಅದರ ಕರುಳು ರಚಿತವಾಗಿದೆ. ತಿಂದುದು ಒಗ್ಗದಿದ್ದರೆ ವಾಂತಿ ಮಾಡುವ ಶಕ್ತಿಯೂ ಅದಕ್ಕಿಲ್ಲ. ಒಣ ತೂಕದ ಲೆಕ್ಕದಲ್ಲಿ ಕುದುರೆಗೆ ದಿನಕ್ಕೆ ತನ್ನ ಮೈತೂಕದ ನೂರರಲ್ಲಿ ಒಂದೂವರೆಯಿಂದ ಎರಡೂವರೆ ಪಾಲಿನಷ್ಟು ಆಹಾರ ಬೇಕು. 250 ಕಿಲೋಗ್ರಾಂ ತೂಗುವ ಸಣ್ಣ ಕುದುರೆಗೆ ಇದು ಸುಮಾರು 4ರಿಂದ 6 ಕಿಲೋಗ್ರಾಂ ಆಗುತ್ತದೆ. ಹಸಿಯ ಹುಲ್ಲಿನಲ್ಲಿ ಮುಕ್ಕಾಲು ಪಾಲು, ಕೆಲವೊಮ್ಮೆ ಅದಕ್ಕೂ ಹೆಚ್ಚು, ನೀರೇ ಇರುವುದರಿಂದ ಗರಿಕೆಯಂಥ ಹಸಿಹುಲ್ಲನ್ನು ಇದರ ನಾಲ್ಕೈದು ಪಟ್ಟು ಹಾಕಬೇಕು.

ಕೆಲಸ ನಿಂತ ದಿನವೇ ಕಾಳನ್ನು ಅರ್ಧಕ್ಕೆ ಇಳಿಸುವುದು ಲಾಯಗಳಲ್ಲಿ ಬಹುಕಾಲದಿಂದ ಬಂದ ಪದ್ಧತಿ. ದುಡಿಯುವಾಗ ದಿನಕ್ಕೆ 2 ಕಿಲೋಗ್ರಾಂ ಹುರುಳಿ ತಿನ್ನುತ್ತಿದ್ದರೆ ಬಿಡುವಿನ ಮೊದಲ ದಿನವೇ ಒಂದು ಕಿಲೋಗ್ರಾಂ ಸಾಕು. ಬಿಡುವು ವಾರ ಮೀರುವುದಾದರೆ ಮೈಕಟ್ಟನ್ನು ನೋಡಿ ಇನ್ನೂ ಇಳಿಸಬಹುದು. ಪಕ್ಕೆಲುಬುಗಳು ಕಣ್ಣಿಗೆ ಕಾಣದೆ, ಕೈಯಾಡಿಸಿದರೆ ಬೆರಳಿಗೆ ಸಿಕ್ಕುವಂತಿದ್ದರೆ ಮೈ ಸರಿಯಾಗಿದೆಯೆಂದು ತಿಳಿಯಬೇಕು. ಬಡಕಲಾದ ಕುದುರೆಗೂ ಗಬ್ಬದ ಕುದುರೆಗೂ ಈ ಕಡಿತವನ್ನು ವೈದ್ಯರನ್ನು ಕೇಳದೆ ಮಾಡಕೂಡದು. ಕಾಳಿನ ಬದಲು ಬೇರೆ ಮೇವನ್ನು ರೂಢಿಸಬೇಕಾದಲ್ಲಿ ಏಳರಿಂದ ಹತ್ತು ದಿನಗಳ ಅವಧಿಯಲ್ಲಿ ಸ್ವಲ್ಪ ಸ್ವಲ್ಪವಾಗಿ ಬದಲಿಸತಕ್ಕದ್ದು.

ಕೆಲಸವಿಲ್ಲದ ಕುದುರೆಗೆ ಹುಲ್ಲನ್ನೂ ಕಡಿದು ಉಪವಾಸ ಕೆಡಹುವುದು ಇನ್ನೊಂದು ತುದಿಯ ಅಪರಾಧ. 2020ರ ಲಾಕ್‌ಡೌನಿನಲ್ಲಿ ಪ್ರವಾಸಿಗಳಿಲ್ಲದೆ ಮೈಸೂರಿನ ಟಾಂಗಾ ಕುದುರೆಗಳು ದುಡಿಮೆಯಿಲ್ಲದೆ ನಿಂತುವು. ಮಾಲೀಕರ ಆದಾಯ ನಿಂತರೂ ಕುದುರೆಯ ಹಸಿವು ನಿಲ್ಲಲಿಲ್ಲ. ಹುಲ್ಲಿಲ್ಲದೆ ಬರಿಹೊಟ್ಟೆಯಲ್ಲಿರುವ ಕುದುರೆಗೆ ಜಠರದಲ್ಲಿ ಹುಣ್ಣಾಗುತ್ತದೆ, ಶೂಲೆ ಬರುತ್ತದೆ.

ನೀರು ಸದಾ ಇರಬೇಕು. ಅಷ್ಟು ಗಾತ್ರದ ಕುದುರೆ ತಣ್ಣಗೆ ನಿಂತಿರುವಾಗಲೂ ದಿನಕ್ಕೆ 12ರಿಂದ 15 ಲೀಟರು ಕುಡಿಯುತ್ತದೆ. ಚೆನ್ನೈಯ ಬೇಸಗೆಯಲ್ಲಿ ಇದಕ್ಕಿಂತ ಎಷ್ಟೋ ಹೆಚ್ಚು. ಬೆವರಿದ ಕುದುರೆಗೆ ನೀರು ಕೊಡಬಾರದೆಂಬ ಹಳೆಯ ನಂಬಿಕೆಯನ್ನು ಈಗಿನ ವೈದ್ಯರು ಒಪ್ಪುವುದಿಲ್ಲ. ನೆಕ್ಕಲು ಒಂದು ಉಪ್ಪಿನ ಗಡ್ಡೆಯೂ ಇರಲಿ.

ನಡಿಗೆ ತಪ್ಪಕೂಡದು

ಹುಡುಗನ ಎರಡನೆಯ ತಪ್ಪು ಕುದುರೆಯನ್ನು ಹತ್ತು ದಿನ ಕಟ್ಟಿಹಾಕಿದುದು. ಸವಾರಿ ಬಾರದವನೂ ಕುದುರೆಯನ್ನು ಹಗ್ಗ ಹಿಡಿದು ನಡೆಸಬಲ್ಲನು. ಬೆಳಗ್ಗೆ ಬಿಸಿಲೇರುವ ಮುನ್ನ ಅರ್ಧ ಗಂಟೆ, ಸಂಜೆ ಬಿಸಿಲಿಳಿದ ಮೇಲೆ ಅರ್ಧ ಗಂಟೆ ನಡೆಸಿದರೆ ಕರುಳು ಆಡುತ್ತದೆ, ಕಾಲು ಊದಿಕೊಳ್ಳುವುದಿಲ್ಲ, ಮನಸ್ಸೂ ಹಗುರವಾಗುತ್ತದೆ. ಹಗ್ಗವನ್ನು ಎಂದೂ ಕೈಗೆ ಸುತ್ತಿಕೊಳ್ಳಕೂಡದು. ಬೆದರಿದ ಕುದುರೆ ಆಳನ್ನೇ ಎಳೆದುಕೊಂಡು ಹೋದೀತು. ನಡೆಸಿ ತಂದ ಮೇಲೆ ಮೈಯುಜ್ಜಿ, ನಾಲ್ಕು ಗೊರಸುಗಳನ್ನೂ ಎತ್ತಿ ಶುದ್ಧಿ ಮಾಡಬೇಕು.

ಯಜಮಾನನು ಹಿಂದಿರುಗಿದ ಮೇಲೆ ಕ್ರಮವು ತಿರುವುಮುರುವಾಗುತ್ತದೆ. ಇಳಿಸುವಾಗ ಕಾಳನ್ನು ಮೊದಲು ಇಳಿಸಬೇಕು; ಏರಿಸುವಾಗ ಕೆಲಸವನ್ನು ಮೊದಲು ಏರಿಸಬೇಕು. ಮೊದಲ ದಿನ ಬರಿಯ ನಡಿಗೆ, ಅನಂತರ ಬರಿಬಂಡಿಯೊಡನೆ ಸಣ್ಣ ಓಟ, ಆ ಬಳಿಕ ಅರೆಹೊರೆ, ಕೊನೆಗೆ ಪೂರ್ಣ ಹೊರೆ. ಕೆಲಸ ಒಂದು ಮೆಟ್ಟಿಲು ಏರಿದ ಮೇಲೆ ಕಾಳು ಒಂದು ಹಿಡಿ ಏರಲಿ. ಬಿಡುವು ಎಷ್ಟು ದೀರ್ಘವೋ ಈ ಏರಿಕೆಯೂ ಅಷ್ಟು ನಿಧಾನವಾಗಬೇಕು.

ಅಪಾಯದ ಕುರುಹುಗಳು

ಲದ್ದಿಯೇ ಕುದುರೆಯ ಆರೋಗ್ಯದ ದಿನಚರಿ. ಅದು ನಿಂತರೆ, ಕುದುರೆ ನೆಲವನ್ನು ಕೆರೆಯುತ್ತ ತನ್ನ ಪಕ್ಕೆಯನ್ನೇ ಮತ್ತೆ ಮತ್ತೆ ತಿರುಗಿ ನೋಡುತ್ತಿದ್ದರೆ, ಹೊರಳಾಡಿದರೆ, ಅದು ಶೂಲೆ. ಗೊರಸುಗಳು ಬಿಸಿಯಾಗಿ, ಮುಂಗಾಲನ್ನು ಮುಂದೆ ಚಾಚಿ ಹಿಂದಕ್ಕೆ ವಾಲಿ ನಿಂತರೆ ಗೊರಸಿನ ಉರಿ. ಕಾಳು ಅತಿಯಾದಾಗ ಇದೂ ಬರುತ್ತದೆ. ಮೈ ಮರಗಟ್ಟಿ ಉಚ್ಚೆ ಕಪ್ಪಾದರೆ ಸೋಮವಾರದ ಬೇನೆ. ಈ ಮೂರರಲ್ಲಿ ಯಾವುದು ಕಂಡರೂ ಕಾಳನ್ನು ಕೂಡಲೇ ನಿಲ್ಲಿಸಿ ಪಶುವೈದ್ಯರನ್ನು ಕರೆಯಬೇಕು; ಮನೆಮದ್ದಿನಲ್ಲಿ ಹೊತ್ತು ಕಳೆಯಕೂಡದು. ಸೋಮವಾರದ ಬೇನೆಯಾದಲ್ಲಿ ಕುದುರೆಯನ್ನು ಒಂದು ಹೆಜ್ಜೆಯೂ ನಡೆಸದೆ, ನಿಂತಲ್ಲಿಯೇ ನೀರು ಕೊಟ್ಟು ನೆರಳು ಮಾಡಬೇಕು. ವೇಪೇರಿಯಲ್ಲಿ 1903ರಿಂದಲೂ ಪಶುವೈದ್ಯ ಕಾಲೇಜು ಇರುವ ನಗರ ನಮ್ಮದು. ವೈದ್ಯರು ದೂರವೆಂಬ ನೆಪ ಇಲ್ಲಿ ಸಲ್ಲದು.

ಒಂದು ಚೀಟಿ

ಟಿ. ನಗರದ ಬೀದಿಗಳಿಂದ ಜಟಕಾಗಳು ಮರೆಯಾದರೂ ಕುದುರೆಗಳು ನಮ್ಮ ನಡುವಿನಿಂದ ಮರೆಯಾಗಿಲ್ಲ. ಮರೀನಾ ತೀರದಲ್ಲಿ ಮಕ್ಕಳನ್ನು ಹೊತ್ತು ನಡೆಯುತ್ತವೆ, ಮದುವೆಯ ಮೆರವಣಿಗೆಯಲ್ಲಿ ವರನನ್ನು ಹೊರುತ್ತವೆ. ಅವುಗಳ ಯಜಮಾನರಿಗೂ ಊರುಂಟು, ಮದುವೆ ಮುಂಜಿಗಳುಂಟು. ಅವರು ಹೋಗುವಾಗ ನೆರೆಯವನೊಬ್ಬನ ಕೈಗೆ ಹಗ್ಗವನ್ನು ಕೊಟ್ಟು ಹೋಗುತ್ತಾರೆ. ಆ ನೆರೆಯವನು ನಮ್ಮಲ್ಲೊಬ್ಬನಾಗಿರಬಹುದು.

ಹಾಗೆ ಹಗ್ಗ ಕೈಗೆ ಬಂದಾಗ ನಾಚದೆ ಒಂದು ಚೀಟಿಯನ್ನು ಬರೆಸಿಕೊಳ್ಳಿರಿ. ದುಡಿಯುವ ದಿನ ಕಾಳೆಷ್ಟು, ಬಿಡುವಿನ ದಿನ ಎಷ್ಟು, ಹುಲ್ಲು ಎಲ್ಲಿಂದ, ನಡಿಗೆ ಎಷ್ಟು ಹೊತ್ತು, ವೈದ್ಯರು ಯಾರು, ಖರ್ಚಿಗೆ ಹಣವೆಲ್ಲಿ, ಇಷ್ಟನ್ನು ಬರೆಯಲು ಅಂಚೆ ಕಾರ್ಡಿನಷ್ಟು ಕಾಗದ ಸಾಕು. ಈಗ ದೂರವಾಣಿಯು ಎಲ್ಲರ ಕಿಸೆಯಲ್ಲಿಯೂ ಇರುವುದರಿಂದ ಸಂದೇಹ ಬಂದ ಕ್ಷಣವೇ ಕೇಳಬಹುದು.

ಕುಂದಾಪುರದ ಆ ಹುಡುಗನು ಮುಂದೆ ಅಡುಗೆಯ ಭಟ್ಟರ ಕೈಕೆಳಗೆ ಕೆಲಸ ಕಲಿತು ಮೇಲೆ ಬಂದನು. ಕುದುರೆ ಗುಣವಾದ ದಿನದಿಂದ ಜಟಕಾದವನು ಊರಿಗೆ ಹೋಗುವಾಗಲೆಲ್ಲ ಅದನ್ನು ಮತ್ತೆ ಅವನಿಗೇ ಒಪ್ಪಿಸುತ್ತಿದ್ದನು. ಆದರೆ ಪ್ರತಿ ಸಲವೂ, ಬಿಡುವಿನ ದಿನದ ಹುರುಳಿಯನ್ನು ಅವನ ಕಣ್ಣೆದುರಿಗೇ ಅಳೆದು, ಆ ಅಳತೆಯ ಡಬ್ಬಿಯನ್ನು ಅವನ ಕೈಗಿಟ್ಟು ಹೋಗುತ್ತಿದ್ದನಂತೆ.