ಸಮವಲ್ಲದ ಇಳಿಜಾರುಗಳ ಮೂಲೆ ಲೆಕ್ಕ

ನಾಲ್ಕೂ ಕಡೆಗೆ ಇಳಿಯುವ ಹೆಂಚಿನ ಮಾಡಿನಲ್ಲಿ, ಎರಡು ಇಳಿಜಾರುಗಳು ಕೂಡುವೆಡೆ ಮನೆಯ ಹೊರಮೂಲೆಯಿಂದ ನೆತ್ತಿಯ ತೊಲೆಯವರೆಗೆ ಓರೆಯಾಗಿ ಏರುವ ಮರವೇ ಮೂಲೆ ಪಕಾಸು. ಅದರ ಪಕ್ಕಕ್ಕೆ ಬಂದು ನಿಲ್ಲುವ, ನೆತ್ತಿಯನ್ನು ಮುಟ್ಟದ ಪಕಾಸುಗಳನ್ನು ಇಲ್ಲಿ ಗಿಡ್ಡ ಪಕಾಸುಗಳೆಂದು ಕರೆಯೋಣ. ಎರಡು ಇಳಿಜಾರುಗಳೂ ಸಮವಾಗಿದ್ದರೆ, ಮೇಲಿನಿಂದ ನೋಡಿದಾಗ ಮೂಲೆ ಪಕಾಸು ಚೌಕ ಮೂಲೆಯನ್ನು 45 ಡಿಗ್ರಿಯ ಎರಡು ಪಾಲಾಗಿ ಸೀಳುತ್ತದೆ. ಬಡಗಿಯ ಕೈಗೆ ರೂಢಿಯಾಗಿರುವ ಈ 45 ಸಮತ್ವದ ಫಲವೇ ಹೊರತು ಮಾಡಿನ ನಿಯಮವಲ್ಲ.

ಉದ್ದಬದಿಯ ಮಾಡು ಎರಡು ಅಡಿ ಒಳಸರಿದಾಗ ಒಂದು ಅಡಿ ಏರುತ್ತದೆ, ತುದಿಬದಿಯದು ಒಂದು ಅಡಿ ಸರಿದಾಗಲೇ ಒಂದು ಅಡಿ ಏರುತ್ತದೆ ಎಂದಿಟ್ಟುಕೊಳ್ಳೋಣ. ಎರಡೂ ಸೂರುಗಳು ಒಂದೇ ಎತ್ತರದಲ್ಲಿದ್ದರೆ, ಒಂದು ಅಡಿ ಏರಿದ ಬಿಂದು ಒಂದು ಸೂರಿನಿಂದ ಎರಡು ಅಡಿ, ಇನ್ನೊಂದರಿಂದ ಒಂದು ಅಡಿ ದೂರದಲ್ಲಿರಲೇಬೇಕು. ಆದ್ದರಿಂದ ಮೂಲೆ ಪಕಾಸು ನಕ್ಷೆಯಲ್ಲಿ ಉದ್ದಬದಿಯ ಸೂರಿನೊಡನೆ 63.43 ಡಿಗ್ರಿ, ತುದಿಬದಿಯದರೊಡನೆ 26.57 ಡಿಗ್ರಿ ಮಾಡುತ್ತದೆ. ಅದರ ಅಡ್ಡಳತೆ 5ರ ವರ್ಗಮೂಲ, ಅಂದರೆ 2.236 ಅಡಿ, ಇಷ್ಟು ದೂರಕ್ಕೆ ಒಂದು ಅಡಿ ಏರುವುದರಿಂದ ಅದರ ಇಳಿಜಾರು 24.09 ಡಿಗ್ರಿ, ಅಂದರೆ ಎರಡೂ ಮಾಡುಗಳಿಗಿಂತ ಚಪ್ಪಟೆ.

ತೊಡಕು ಹೆಚ್ಚುವುದು ಗಿಡ್ಡ ಪಕಾಸುಗಳಲ್ಲಿ. ಅವುಗಳನ್ನು ಎರಡು ಅಡಿಗೊಂದರಂತೆ ಇಟ್ಟರೆ, ಉದ್ದಬದಿಯಲ್ಲಿ ಒಂದಕ್ಕಿಂತ ಇನ್ನೊಂದು 4.47 ಅಡಿ ಗಿಡ್ಡ, ತುದಿಬದಿಯಲ್ಲಿ ಕೇವಲ 1.41 ಅಡಿ. ತುದಿಬದಿಯ ಪಕಾಸಿನ ತಲೆಯನ್ನು ಕತ್ತರಿಸಲು ಗರಗಸವನ್ನು 26.57 ಡಿಗ್ರಿ ವಾಲಿಸಿದರೆ ಸಾಕು, ಉದ್ದಬದಿಯದಕ್ಕೆ 63.43 ಡಿಗ್ರಿ ಬೇಕಾಗುತ್ತದೆ, ಅಷ್ಟು ವಾಲುವ ಕೈಯಂತ್ರ ಸಾಮಾನ್ಯವಾಗಿ ಸಿಗದು. ಆಗ ಮರದ ಪಕ್ಕದಲ್ಲಿ ತೂಗುಗುಂಡಿನ ಗೆರೆಯನ್ನೂ, ಮೇಲ್ಮುಖದಲ್ಲಿ ಅಂಚಿಗೆ 24.09 ಡಿಗ್ರಿಯ ಗೆರೆಯನ್ನೂ ಎಳೆದು, ಕೈಗರಗಸದಿಂದ ಎರಡನ್ನೂ ಅನುಸರಿಸಿ ಕೊಯ್ಯುವುದೇ ದಾರಿ. ಮೇಲ್ಮುಖದ ಕೋನವು ನಕ್ಷೆಯ ಕೋನವಲ್ಲ, ಇಳಿಜಾರಿನಲ್ಲಿ ಮಲಗಿದ ಕೋನ ಎಂಬುದನ್ನು ಮರೆತಲ್ಲಿ ಸಂಧಿ ಬಾಯಿಬಿಡುತ್ತದೆ.

ಇದಕ್ಕೆ ತ್ರಿಕೋನಮಿತಿ ಅನಿವಾರ್ಯವೇನಲ್ಲ. ಫ್ರಾನ್ಸಿನ ಬಡಗಿಗಳು ಮಾಡನ್ನು ನೆಲದ ಮೇಲೆ ನಿಜ ಅಳತೆಯಲ್ಲಿ ಗೀಚಿ, ಗೆರೆಗಳಿಂದಲೇ ಕೊಯ್ತಗಳನ್ನು ಪಡೆಯುತ್ತಾರೆ. ಆ ಪರಂಪರೆ 2009ರಲ್ಲಿ ಯುನೆಸ್ಕೋದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿತು.

ಕೋನಗಳೆಲ್ಲ ಸರಿಬಂದ ಮೇಲೂ ಸೂರು ಕೈಕೊಡಬಹುದು. ಎರಡೂ ಕಡೆ ಸೂರನ್ನು ಗೋಡೆಯಿಂದ ಎರಡೆರಡು ಅಡಿ ಚಾಚಿದರೆ ಮೂಲೆ ಪಕಾಸು ಗೋಡೆಯ ಮೂಲೆಯ ಮೇಲೆ ಹಾಯದು. ಮೂಲೆಯಿಂದ ಎರಡು ಅಡಿ ಆಚೆ ತುದಿಗೋಡೆಯನ್ನು ದಾಟುತ್ತದೆ, ಮರದ ದಪ್ಪವನ್ನು ಬಿಟ್ಟು ಲೆಕ್ಕಿಸಿದರೆ ತುದಿಗೋಡೆಯನ್ನೂ ಒಂದು ಅಡಿ ಎತ್ತರಿಸಬೇಕಾಗುತ್ತದೆ. ಗೋಡೆಗಳು ಸಮವಾಗಿಯೇ ಇರಬೇಕೆಂದರೆ ಉದ್ದಬದಿಯ ಚಾಚು ಎರಡು ಅಡಿ, ತುದಿಬದಿಯದು ಒಂದೇ ಅಡಿ ಇರಬೇಕು. ಇದನ್ನು ಅಡಿಪಾಯದ ನಕ್ಷೆ ಬರೆಯುವಾಗಲೇ ತೀರ್ಮಾನಿಸಿಕೊಳ್ಳುವುದು ಲೇಸು.