ಸತ್ತ ಕುರಿಗೆ ಎಷ್ಟು ಪಾಲುದಾರರು

ಪಾಮನಕಲ್ಲೂರಿನ ಸುತ್ತಲಿನ ಬಯಲಿನಲ್ಲಿ ಕುರಿಯೊಂದು ಸತ್ತರೆ ಕುರಿಗಾರನಿಗೆ ಅದು ನಷ್ಟ. ನೊಣಗಳಿಗೆ ಮಾತ್ರ ಸಂತಾನ ಬೆಳೆಸುವ ಹೊತ್ತು. ಕೆಂಗಣ್ಣಿನ, ನೀಲಿ ಹಸಿರು ಮೈಯ ಕ್ರೈಸೋಮಿಯಾ ಮೆಗಾಸೆಫಲಾ ಕೆಲವೇ ನಿಮಿಷಗಳಲ್ಲಿ ಬಂದು ಮೂಗು, ಬಾಯಿ, ಕಣ್ಣಿನಂಚಿನಲ್ಲಿ ಮೊಟ್ಟೆಗಳ ಗುಡ್ಡೆ ಇಡುತ್ತದೆ. ರಾಯಚೂರು ಸೀಮೆಯ ಬಿಸಿಲಿಗೆ ಒಂದು ದಿನದೊಳಗೆ ಅವು ಹುಳುವಾಗುತ್ತವೆ. ಬೆನ್ನ ಮೇಲೆ ಬೂದು ಪಟ್ಟೆಯಿರುವ ಸಾರ್ಕೊಫಾಗಾ ನೊಣಕ್ಕೆ ಅಷ್ಟೂ ತಡೆಯಿಲ್ಲ, ಅದು ಮೊಟ್ಟೆಯ ಬದಲು ಜೀವಂತ ಮರಿಹುಳುಗಳನ್ನೇ ಹಾಕುತ್ತದೆ.

ಸಾವಿರಾರು ಹುಳುಗಳು ಒತ್ತೊತ್ತಾಗಿ ಸೇರಿ, ಜೀರ್ಣರಸ ಸುರಿಸಿ ಮಾಂಸ ಕರಗಿಸುತ್ತವೆ. ಆ ರಾಶಿಯ ಕಾವು ಸುತ್ತಲ ಗಾಳಿಗಿಂತ ಎಷ್ಟೋ ಹೆಚ್ಚು. ಆಗಲೇ ಕ್ರೈಸೋಮಿಯಾ ರೂಫಿಫೇಸಿಸ್ ಮರಿಗಳ ಸರದಿ. ಮೈತುಂಬ ಮುಳ್ಳಿನಂಥ ಚಾಚುಗಳಿರುವ ಇವು ಮಾಂಸದ ಜೊತೆಗೆ ನೆರೆಯ ಹುಳುಗಳನ್ನೂ ತಿನ್ನುತ್ತವೆ. ಇದರ ಒಂದೊಂದು ತಾಯಿನೊಣ ಗಂಡನ್ನಷ್ಟೇ ಅಥವಾ ಹೆಣ್ಣನ್ನಷ್ಟೇ ಹೆರುತ್ತದೆ ಎಂಬುದು ನನಗೆ ಇಂದಿಗೂ ಬೆರಗು.

ಹೀಗಿದ್ದೂ ದುರ್ಬಲ ಜಾತಿಗಳು ಅಳಿಯಲಿಲ್ಲವೇಕೆ? 1981ರಲ್ಲಿ ಬ್ರಿಟನ್ನಿನ ವಿಜ್ಞಾನಿಗಳಾದ ಆಟ್ಕಿನ್ಸನ್ ಮತ್ತು ಶಾರಕ್ಸ್ ಒಂದು ಲೆಕ್ಕಾಚಾರದ ಮಾದರಿ ಮುಂದಿಟ್ಟರು. ಹರಿದು ಹಂಚಿಹೋದ, ಬೇಗ ತೀರಿಹೋಗುವ ಆಹಾರದ ಮೇಲೆ ಬದುಕುವ ಜಾತಿಗಳು ಮೊಟ್ಟೆಯನ್ನು ಎಲ್ಲೆಡೆ ಸಮನಾಗಿ ಹರಡುವುದಿಲ್ಲ, ಗುಂಪುಗುಂಪಾಗಿ ಇಡುತ್ತವೆ. ಬಲಾಢ್ಯ ಜಾತಿ ಒಂದು ಕಳೇಬರದಲ್ಲಿ ಕಿಕ್ಕಿರಿದು ತನ್ನ ಮರಿಗಳಿಗೇ ಇಕ್ಕಟ್ಟು ತಂದುಕೊಂಡರೆ, ಇನ್ನೊಂದರಲ್ಲಿ ದುರ್ಬಲನಿಗೆ ಜಾಗ ಸಿಗುತ್ತದೆ. ಯಾರೂ ಕೂತು ಪಾಲು ಹಂಚಿಲ್ಲ, ಆದರೂ ಎಲ್ಲರೂ ಉಳಿದಿದ್ದಾರೆ.

ಹುಳುಗಳು ಮಣ್ಣಿಗಿಳಿದು ಕೋಶ ಕಟ್ಟಿದ ಮೇಲೆ ಒಣಗಿದ ತೊಗಲು ಡರ್ಮೆಸ್ಟಿಸ್ ದುಂಬಿಗಳ ಪಾಲು. ವಸ್ತುಸಂಗ್ರಹಾಲಯಗಳು ಎಲುಬು ಶುಚಿಮಾಡಲು ಸಾಕುವುದು ಇವನ್ನೇ.

ಮೊದಲು ಈ ಸಾಲಿನಲ್ಲಿ ರಣಹದ್ದೂ ಇತ್ತು. ದನಕರುಗಳಿಗೆ ಕೊಡುತ್ತಿದ್ದ ಡೈಕ್ಲೊಫಿನಾಕ್, ಅವುಗಳ ಕಳೇಬರ ತಿಂದ ರಣಹದ್ದಿನ ಮೂತ್ರಪಿಂಡ ಕೆಡಿಸಿತು. 2006ರಲ್ಲಿ ಸರ್ಕಾರ ಪಶುಗಳಿಗೆ ಆ ಔಷಧಿಯನ್ನು ನಿಷೇಧಿಸುವ ಹೊತ್ತಿಗೆ ದೇಶದ ಬಹುಪಾಲು ರಣಹದ್ದುಗಳು ಹೋಗಿಯಾಗಿದ್ದವು. ಇದು ನಾವು ತಂದ ಕೇಡು. ಗಂಟೆಗಳಲ್ಲಿ ತೀರುತ್ತಿದ್ದ ಕೆಲಸ ಈಗ ನಾಯಿಗಳ, ನೊಣಗಳ ಪಾಲಿಗೆ ದಿನಗಟ್ಟಲೆ ಉಳಿಯುತ್ತದೆ.

ಆದರೆ ನೆರಡಿ (ಆಂಥ್ರಾಕ್ಸ್) ರೋಗದಿಂದ ಸತ್ತ ಕುರಿಯನ್ನು ಈ ಪಾಲುದಾರರಿಗೆ ಬಿಡಲೇಬಾರದು. ಅದನ್ನು ಮುಟ್ಟಿದ ನೊಣ ಪಕ್ಕದ ಗಿಡದ ಎಲೆಯ ಮೇಲೆ ರೋಗಾಣು ಕಕ್ಕುತ್ತದೆ, ಆ ಎಲೆಗೆ ಬಾಯಿ ಹಾಕಿದ ಮೇಕೆಗೂ ರೋಗ ತಗುಲಬಹುದು. ಅನುಮಾನವಿದ್ದರೆ ಹೊಟ್ಟೆ ಸೀಳದೆ, ತೊಗಲು ಸುಲಿಯದೆ ಪಶುವೈದ್ಯರನ್ನು ಕರೆದು, ಆಳದ ಗುಂಡಿಯಲ್ಲಿ ಹೂಳಬೇಕು.